ಹಳೆ ಡೀಸೆಲ್ ಮನೆಗಾಡಿ: ಓಡಿಸೋದು, ಉಳಿಸೋದು, ಅದರಲ್ಲೇ ಬಾಳೋದು

ಅಮೆರಿಕದಲ್ಲಿ ಮೋಟರ್‌ಹೋಮ್ ಅಂತ ಒಂದು ಜಾತಿಯ ಗಾಡಿ ಇದೆ. ನಮ್ಮ ಬಸ್ಸಿನಷ್ಟು ದೊಡ್ಡದು. ಒಳಗೆ ಅಡುಗೆಮನೆ, ಮಂಚ, ಬಚ್ಚಲು, ಫ್ರಿಜ್ ಎಲ್ಲ ಇರುತ್ತೆ. ಎಂಜಿನ್ ಹಿಂಭಾಗದಲ್ಲಿರೋ ಡೀಸೆಲ್ ಗಾಡಿಗಳಿಗೆ ‘ಡೀಸೆಲ್ ಪುಷರ್’ ಅಂತಾರೆ. ರಜೆಯಲ್ಲಿ ಸುತ್ತೋಕೆ ಶ್ರೀಮಂತರು ಇಟ್ಕೊಳ್ಳೋ ಗಾಡಿ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಅದು ಅರ್ಧ ನಿಜ. ನಿವೃತ್ತಿಯಾದ ಮೇಲೆ ಮನೆ ಬಾಡಿಗೆ ಕಟ್ಟೋಕಾಗದೆ, ವರ್ಷಪೂರ್ತಿ ಗಾಡಿಯಲ್ಲೇ ಬದುಕೋ ಜನ ಕೂಡ ಅಲ್ಲಿ ತುಂಬಾ ಇದ್ದಾರೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೋಮ್ಯಾಡ್‌ಲ್ಯಾಂಡ್’ ಪುಸ್ತಕ ಇಂಥವರ ಬಗ್ಗೆಯೇ. ಚಳಿಗಾಲ ಬಂದರೆ ಅರಿಜೋನಾದ ಕ್ವಾರ್ಟ್ಜ್‌ಸೈಟ್ ಊರಿನ ಸುತ್ತಲ ಮರುಭೂಮಿ ಇಂಥ ಗಾಡಿಗಳಿಂದ ತುಂಬಿಹೋಗುತ್ತೆ.

ಇವರ ಕೈಗೆ ಸಿಗೋದು ಹೆಚ್ಚಾಗಿ ಹಳೆಯ ಗಾಡಿ. ಅದು ಗ್ಯಾರೇಜಿಗೆ ಹೋದರೆ ಮನೇನೂ ಗ್ಯಾರೇಜಿಗೆ ಹೋದ ಹಾಗೆ. ಒಂದು ದೊಡ್ಡ ರಿಪೇರಿಯ ಬಿಲ್ ಕೆಲವೊಮ್ಮೆ ಗಾಡಿಯ ಬೆಲೆಯನ್ನೇ ದಾಟುತ್ತೆ. ಹಾಗಾಗಿ ‘ಯಾವುದನ್ನು ಮೊದಲು ನೋಡಬೇಕು’ ಅನ್ನೋ ಪ್ರಶ್ನೆ ಇಲ್ಲಿ ತಲೆಮೇಲಿನ ಸೂರಿನ ಪ್ರಶ್ನೆ. ಈ ಪಾಠದಲ್ಲಿ ಅದನ್ನೇ ಎಂಜಿನಿಯರಿಂಗ್ ಕಣ್ಣಿಂದ ನೋಡೋಣ.

ನಮ್ಮ ಉದಾಹರಣೆ

1990ರ ದಶಕದ ಮಧ್ಯದ, ಸುಮಾರು 12 ಟನ್ ತೂಕದ ಒಂದು ಡೀಸೆಲ್ ಪುಷರ್ ತಗೊಳ್ಳೋಣ. ಎಂಜಿನ್: ಕಮಿನ್ಸ್ ಬಿ-ಸೀರೀಸ್, 6 ಸಿಲಿಂಡರ್, 12 ವಾಲ್ವ್. ಬೋರ್ 102 ಮಿಮೀ, ಸ್ಟ್ರೋಕ್ 120 ಮಿಮೀ. ಲೆಕ್ಕ ಹಾಕಿದರೆ 5.88 ಲೀಟರ್ ಬರುತ್ತೆ, ಅದನ್ನೇ 5.9 ಅಂತಾರೆ. ಇದು ನಮಗೆ ಪರದೇಶಿ ಎಂಜಿನ್ ಏನಲ್ಲ. ಟಾಟಾ ಕಮಿನ್ಸ್ ಕಂಪನಿ ಜಮ್‌ಶೆಡ್‌ಪುರದಲ್ಲಿ ಇದೇ ಕುಟುಂಬದ ಎಂಜಿನ್ ತಯಾರಿಸಿದೆ. ನಮ್ಮ ಹೈವೇಗಳಲ್ಲಿ ಓಡಿರೋ ಎಷ್ಟೋ ಟಾಟಾ ಲಾರಿಗಳ ಹೊಟ್ಟೆಯಲ್ಲಿ ಇದರ ಅಣ್ಣತಮ್ಮಂದಿರೇ ಇದ್ದಾರೆ.

ಎಂಜಿನ್: ಸರಳ, ಆದರೆ ಒಂದು ಪಿನ್

ಮೂರನೇ ಸೆಮಿಸ್ಟರ್‌ನ ಥರ್ಮೋಡೈನಮಿಕ್ಸ್ ನೆನಪು ಮಾಡ್ಕೊಳ್ಳಿ. ಈ ಎಂಜಿನ್ನಿನ ಕಂಪ್ರೆಷನ್ ರೇಶಿಯೋ ಸುಮಾರು 17. ಹೊರಗಿನ ಗಾಳಿ 30 ಡಿಗ್ರಿ, ಅಂದ್ರೆ 303 ಕೆಲ್ವಿನ್. ಅಡಿಯಾಬ್ಯಾಟಿಕ್ ಸೂತ್ರ ಹಾಕಿದರೆ 303 ಗುಣಿಸು 17ರ ಘಾತ 0.4. ಉತ್ತರ ಸುಮಾರು 940 ಕೆಲ್ವಿನ್, ಅಂದ್ರೆ 650 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ. ನಿಜವಾದ ಎಂಜಿನ್ನಿನಲ್ಲಿ ಸ್ವಲ್ಪ ಬಿಸಿ ಲೋಹಕ್ಕೆ ಹೋಗುತ್ತೆ, ಆದರೂ ಡೀಸೆಲ್ ತಾನಾಗೇ ಹೊತ್ತಿಕೊಳ್ಳೋಕೆ ಇದು ಬೇಕಾದಷ್ಟು. ಸ್ಪಾರ್ಕ್ ಪ್ಲಗ್ ಬೇಡ. ಇಂಜೆಕ್ಷನ್ ಪಂಪ್ ಪೂರ್ತಿ ಮೆಕ್ಯಾನಿಕಲ್, ಕಂಪ್ಯೂಟರ್ ಇಲ್ಲ. ಕ್ಯಾಮ್‌ಶಾಫ್ಟನ್ನು ಗೇರ್ ತಿರುಗಿಸುತ್ತೆ, ಹಾಗಾಗಿ ಹರಿದುಹೋಗೋಕೆ ಟೈಮಿಂಗ್ ಬೆಲ್ಟೂ ಇಲ್ಲ. ಊರೂರು ತಿರುಗೋರಿಗೆ ಇದೇ ದೊಡ್ಡ ಧೈರ್ಯ. ಲ್ಯಾಪ್‌ಟಾಪ್ ಹಿಡಿಯದ ಹಳೇ ಮೆಕ್ಯಾನಿಕ್ ಕೂಡ ಇದನ್ನು ರಿಪೇರಿ ಮಾಡಬಲ್ಲ.

ಆದರೆ ಒಂದು ಪ್ರಸಿದ್ಧ ದೋಷ ಇದೆ. ಮುಂದಿನ ಗೇರ್ ಹೌಸಿಂಗನ್ನು ಬ್ಲಾಕಿಗೆ ಸರಿಯಾಗಿ ಕೂರಿಸೋಕೆ ಒಂದು ಸಣ್ಣ ಉಕ್ಕಿನ ಡೋವೆಲ್ ಪಿನ್ ಹಾಕಿರ್ತಾರೆ. ವರ್ಷಗಟ್ಟಲೆ ಅದುರಿ ಅದುರಿ ಆ ಪಿನ್ ಹೊರಗೆ ಜಾರಿ ಟೈಮಿಂಗ್ ಗೇರುಗಳ ನಡುವೆ ಬೀಳಬಹುದು. ಬಿದ್ದರೆ ಗೇರ್ ಕೇಸ್ ಒಡೆಯುತ್ತೆ, ಎಂಜಿನ್ನೇ ಹೋಗಬಹುದು. ಅದಕ್ಕೇ ಇದರ ಅಡ್ಡಹೆಸರು ‘ಕಿಲ್ಲರ್ ಡೋವೆಲ್ ಪಿನ್’. ಪರಿಹಾರ ಮಾತ್ರ ತೀರಾ ಸರಳ: ಪಕ್ಕದ ಬೋಲ್ಟಿನ ಕೆಳಗೆ ಒಂದು ಚಿಕ್ಕ ಲೋಹದ ಪಟ್ಟಿ ಸಿಗಿಸಿ ಪಿನ್ನಿನ ದಾರಿ ಮುಚ್ಚೋದು. ಪಟ್ಟಿ ಅಗ್ಗ, ಅಲ್ಲಿಯವರೆಗೆ ಬಿಚ್ಚೋದೇ ಕೆಲಸ. ಹಳೆ ಗಾಡಿ ಕೊಳ್ಳುವಾಗ ‘ಪಿನ್ನಿಗೆ ಪಟ್ಟಿ ಹಾಕಿಸಿದ್ದೀರಾ?’ ಅಂತ ಕೇಳಲೇಬೇಕು.

ರೇಡಿಯೇಟರ್: ಹೊರಗೆ ಕ್ಲೀನ್, ಒಳಗೆ ಕೊಳೆ

ಎಂಜಿನ್ ಹಿಂದಿದ್ದರೆ ಎಷ್ಟೋ ಗಾಡಿಗಳಲ್ಲಿ ರೇಡಿಯೇಟರೂ ಹಿಂದೆಯೇ. ಫ್ಯಾನ್ ಎಂಜಿನ್ ಕಡೆಯಿಂದ ಗಾಳಿಯನ್ನು ಹೊರಕ್ಕೆ ತಳ್ಳುತ್ತೆ. ಎಂಜಿನ್ನಿನ ಬ್ರೀದರ್ ಕೊಳವೆಯಿಂದ ಸಣ್ಣಗೆ ಎಣ್ಣೆ ಮಂಜು ಬರ್ತಾ ಇರುತ್ತೆ. ಅದು ರಸ್ತೆಯ ಧೂಳಿನ ಜೊತೆ ಸೇರಿ, ರೇಡಿಯೇಟರ್‌ನ ಒಳಮುಖಕ್ಕೆ ಮತ್ತು ಅದರ ಮುಂದಿರೋ ಚಾರ್ಜ್ ಏರ್ ಕೂಲರ್‌ಗೆ ಕಂಬಳಿ ಹಾಗೆ ಅಂಟಿಕೊಳ್ಳುತ್ತೆ. ಹಿಂದೆ ನಿಂತು ನೋಡಿದರೆ ಫಿನ್‌ಗಳು ಫಳಫಳ. ಆದರೆ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಏರ್ತಾ ಹೋಗುತ್ತೆ. ಜನ ಥರ್ಮೋಸ್ಟಾಟ್ ಬದಲಿಸ್ತಾರೆ, ವಾಟರ್ ಪಂಪ್ ಬದಲಿಸ್ತಾರೆ, ಕೊಳೆ ಅಲ್ಲೇ ಇರುತ್ತೆ.

ಮಾಡಬೇಕಾದ್ದು ಎರಡೇ. ಒಂದು, ಎಂಜಿನ್ ಕಡೆಯಿಂದ ಡಿಗ್ರೀಸರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಕಡಿಮೆ ಒತ್ತಡದ ನೀರಲ್ಲಿ ತೊಳೆಯೋದು. ಜೋರಾಗಿ ಹೊಡೆದರೆ ಫಿನ್‌ಗಳು ಮಡಚಿಕೊಳ್ತವೆ. ಎರಡು, ಬ್ರೀದರ್ ಕೊಳವೆಯನ್ನು ಉದ್ದ ಮಾಡಿ ಬಾಯಿಯನ್ನು ಫ್ಯಾನಿನ ಗಾಳಿಯಿಂದ ಆಚೆ ತಿರುಗಿಸೋದು. ಕಾರಣ ಉಳಿಸಿಕೊಂಡು ಲಕ್ಷಣ ತೊಳೆದರೆ ಮುಂದಿನ ವರ್ಷ ಮತ್ತೆ ಅದೇ ಕಥೆ.

ನಿಂತ ಗಾಡಿಯೇ ಬೇಗ ಕೆಡೋದು

ಕಿಲೋಮೀಟರ್ ಕಮ್ಮಿ ಓಡಿದೆ ಅಂದ್ರೆ ಒಳ್ಳೆ ಗಾಡಿ ಅಂತ ನಮ್ಮ ನಂಬಿಕೆ. ಮೋಟರ್‌ಹೋಮ್ ವಿಷಯದಲ್ಲಿ ಇದು ತಲೆಕೆಳಗಾಗುತ್ತೆ. ನಿಂತ ಗಾಡಿಯಲ್ಲಿ ಏನೇನಾಗುತ್ತೆ ನೋಡಿ.

ಟ್ಯಾಂಕ್ ಅರ್ಧ ಖಾಲಿ ಇದ್ದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳಕ್ಕೆ ಹೋಗುತ್ತೆ. ನೀರು-ಡೀಸೆಲ್ ಸೇರೋ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೀತವೆ. ಅವುಗಳ ಲೋಳೆ ಫಿಲ್ಟರ್ ಕಟ್ಟಿಬಿಡುತ್ತೆ. ಅದಕ್ಕೇ ನಿಲ್ಲಿಸೋ ಮುಂಚೆ ಟ್ಯಾಂಕ್ ತುಂಬಿಸಬೇಕು, ವಾಟರ್ ಸೆಪರೇಟರ್ ಆಗಾಗ ಖಾಲಿ ಮಾಡಬೇಕು.

ಎಂಜಿನ್ ಆಯಿಲ್ ಓಡದಿದ್ದರೂ ಹಳೆಯದಾಗುತ್ತೆ, ಅದರಲ್ಲಿ ತೇವ ಮತ್ತು ಆಮ್ಲ ಸೇರಿರುತ್ತೆ. ವರ್ಷಕ್ಕೊಮ್ಮೆ ಬದಲಿಸೋದು ರೂಢಿ. ತಿಂಗಳಿಗೊಮ್ಮೆ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದ್ರಿಂದ ಒಳ್ಳೇದಾಗಲ್ಲ. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಪೂರ್ತಿ ಬಿಸಿಯಾಗಲ್ಲ, ತೇವ ಹೊರಗೆ ಹೋಗಲ್ಲ. ಬದಲಿಗೆ ಒಂದು 30-40 ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಆಗ ಆಯಿಲ್, ಗೇರ್‌ಬಾಕ್ಸ್, ಬೇರಿಂಗ್, ಬ್ರೇಕ್ ಎಲ್ಲವೂ ಕೆಲಸ ಮಾಡ್ತವೆ.

ಟೈರ್ ಕಥೆಯೂ ಅದೇ. ರಬ್ಬರನ್ನು ಓಜೋನ್‌ನಿಂದ ಕಾಪಾಡೋ ರಾಸಾಯನಿಕ ಟೈರಿನ ಒಳಗಿರುತ್ತೆ. ಟೈರ್ ಉರುಳಿ ಬಾಗಿದಾಗ ಅದು ಮೇಲ್ಮೈಗೆ ಬರುತ್ತೆ. ನಿಂತೇ ಇದ್ದರೆ ಬರಲ್ಲ, ಪಕ್ಕದ ಗೋಡೆ ಬಿರುಕು ಬಿಡುತ್ತೆ. ಥ್ರೆಡ್ ಹೊಸದರ ಹಾಗಿದ್ದರೂ ಒಳಗೆ ರಬ್ಬರ್ ಸತ್ತಿರುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: 2316 ಅಂದ್ರೆ 2016ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರನ್ನು ಥ್ರೆಡ್ ನೋಡದೆ ತೆಗೆಯಬೇಕು. ಏಳು ವರ್ಷಕ್ಕೇ ಬದಲಿಸೋರೂ ಇದ್ದಾರೆ. 12 ಟನ್ನಿನ ಗಾಡಿಯ ಮುಂದಿನ ಟೈರ್ ಹೈವೇಯಲ್ಲಿ ಸಿಡಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳೋದು ಬೇಡ.

ಬ್ರೇಕ್: ಗಾಳಿ ಇದ್ದರೆ ಮಾತ್ರ ಓಟ

ಇಂಥ ಗಾಡಿಗಳಲ್ಲಿ ಲಾರಿ, ಬಸ್ಸಿನ ಹಾಗೇ ಏರ್ ಬ್ರೇಕ್. ಕಂಪ್ರೆಸರ್ ಸುಮಾರು 120 ಪಿಎಸ್‌ಐ ತನಕ ಗಾಳಿ ತುಂಬಿ ನಿಲ್ಲುತ್ತೆ. ಒತ್ತಡ 60ರ ಹತ್ತಿರ ಇಳಿದರೆ ಬಜರ್ ಕೂಗಬೇಕು. ಪಾರ್ಕಿಂಗ್ ಬ್ರೇಕನ್ನು ಹಿಡಿಯೋದು ಗಾಳಿಯಲ್ಲ, ದಪ್ಪ ಸ್ಪ್ರಿಂಗ್. ಗಾಳಿ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಬ್ರೇಕ್ ಬಿಡಿಸುತ್ತೆ. ಗಾಳಿ ಪೂರ್ತಿ ಹೋದರೆ ಸ್ಪ್ರಿಂಗ್ ತಾನಾಗೇ ಬ್ರೇಕ್ ಹಾಕುತ್ತೆ. ‘ಫೇಲ್ ಸೇಫ್’ ಅಂತ ನಾವು ಪರೀಕ್ಷೆಯಲ್ಲಿ ಬರೆಯೋ ಪದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಹೊರಡುವ ಮುಂಚೆ ಮಾಡಬೇಕಾದ ಪರೀಕ್ಷೆ: ಚಕ್ರಗಳಿಗೆ ಅಡ್ಡಗಲ್ಲು ಇಟ್ಟು, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ ಗೇಜ್ ನೋಡಿ. ಒಂದು ನಿಮಿಷಕ್ಕೆ 2 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಆಮೇಲೆ ಪೆಡಲ್ ಒತ್ತಿ ಹಿಡಿದರೆ ನಿಮಿಷಕ್ಕೆ 3ಕ್ಕಿಂತ ಜಾಸ್ತಿ ಇಳಿಯಬಾರದು. ಟ್ಯಾಂಕಿನ ತಳದ ನೀರನ್ನೂ ಬಿಡ್ತಾ ಇರಬೇಕು. ಒಂದು ಎಚ್ಚರಿಕೆ: ಸ್ಪ್ರಿಂಗ್ ಇರೋ ಬ್ರೇಕ್ ಚೇಂಬರನ್ನು ಯಾವತ್ತೂ ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣ ಹೋಗುತ್ತೆ.

ಈಗ ಒಂದು ಲೆಕ್ಕ. ಕೊಲರಾಡೋದ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಡೆನ್ವರ್ ನಗರಕ್ಕೆ ಇಳಿದರೆ ಎತ್ತರ ಸುಮಾರು 1,600 ಮೀಟರ್. ವ್ಯತ್ಯಾಸ 1,800 ಮೀಟರ್. ಎಂಜಿಎಚ್ ಸೂತ್ರ ಹಾಕಿ: 12,000 ಗುಣಿಸು 9.81 ಗುಣಿಸು 1,800. ಸುಮಾರು 212 ಮೆಗಾಜೂಲ್. ಇಷ್ಟು ಶಕ್ತಿಯಿಂದ 670 ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಬಹುದು. ಗಾಳಿಯ ಅಡ್ಡಿ, ಟೈರಿನ ಘರ್ಷಣೆ ಇದರಲ್ಲಿ ಒಂದು ಪಾಲು ತಗೊಳ್ತವೆ. ಮಿಕ್ಕಿದ್ದೆಲ್ಲ ಬ್ರೇಕ್ ಡ್ರಮ್ಮಿಗೆ ಹೋದರೆ ಡ್ರಮ್ ಕಾದು, ಲೈನಿಂಗ್ ಹಿಡಿತ ಕಳಕೊಳ್ಳುತ್ತೆ. ಹಾಗಾಗಿ ಇಳಿಜಾರು ಶುರುವಾಗೋ ಮುಂಚೆಯೇ ಲೋ ಗೇರ್, ಎಕ್ಸಾಸ್ಟ್ ಬ್ರೇಕ್. ಶಿರಾಡಿ ಘಾಟಿ ಇಳಿಯೋ ನಮ್ಮ ಲಾರಿ ಡ್ರೈವರ್‌ಗಳು ಮಾಡೋದೂ ಇದನ್ನೇ, ಸೂತ್ರ ಬರೆಯದೆ.

ಮನೆಯ ಭಾಗ

ಗಾಡಿಯಲ್ಲಿ ಎರಡು ಬ್ಯಾಟರಿ ಗುಂಪು: ಎಂಜಿನ್ನಿಗೆ ಒಂದು, ಮನೆಗೆ ಒಂದು. ಮನೆಗೆ 6 ವೋಲ್ಟಿನ 220 ಆಂಪಿಯರ್-ಅವರ್ ಬ್ಯಾಟರಿ ಎರಡನ್ನು ಸೀರೀಸ್‌ನಲ್ಲಿ ಹಾಕಿದ್ದಾರೆ ಅನ್ನಿ. ಸಿಗೋದು 12 ವೋಲ್ಟ್, 220 ಆಂಪಿಯರ್-ಅವರ್. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತೆ. ಆದ್ದರಿಂದ ಬಳಸಬಹುದಾದ್ದು 110 ಆಂಪಿಯರ್-ಅವರ್, ಅಂದ್ರೆ ಸುಮಾರು 1.3 ಯೂನಿಟ್ ಕರೆಂಟ್. ನಮ್ಮ ಹಾಸ್ಟೆಲ್‌ನಲ್ಲಿ 1,500 ವ್ಯಾಟಿನ ನೀರು ಕಾಯಿಸೋ ಕಾಯಿಲ್ ಒಂದು ಗಂಟೆಗೂ ಮುಂಚೆ ಇದನ್ನು ಮುಗಿಸಿಬಿಡುತ್ತೆ. ಗಾಡಿಯಲ್ಲಿ ಇರೋರು ಇಷ್ಟರಲ್ಲೇ ರಾತ್ರಿ ಕಳೀಬೇಕು.

ಫ್ರಿಜ್ ಕೂಡ ಬೇರೆ ಥರ. ಸ್ವೀಡನ್ನಿನ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ವಿದ್ಯಾರ್ಥಿಗಳಾಗಿದ್ದಾಗ, 1922ರಲ್ಲಿ ರೂಪಿಸಿದ ಅಬ್ಸಾರ್ಪ್ಷನ್ ಫ್ರಿಜ್. ಕಂಪ್ರೆಸರ್ ಇಲ್ಲ. ಗ್ಯಾಸಿನ ಉರಿ, ಅಮೋನಿಯಾ, ನೀರು, ಹೈಡ್ರೋಜನ್, ಅಷ್ಟೇ. ದ್ರವ ಹರಿಯೋದು ಗುರುತ್ವದಿಂದ, ಹಾಗಾಗಿ ಗಾಡಿ ಓರೆಯಾಗಿ ನಿಂತರೆ ಫ್ರಿಜ್ ಕೆಡುತ್ತೆ. ಮೊದಲು ಗಾಡಿ ಮಟ್ಟ ಮಾಡಿ, ಆಮೇಲೆ ಟೀ ಇಡಿ.

ಕೊನೆಗೆ, ಕಾರ್ಬನ್ ಮೊನಾಕ್ಸೈಡ್. ಜನರೇಟರ್ ಹೊಗೆ, ಸರಿಯಾಗಿ ಉರಿಯದ ಹೀಟರ್ ಇದರ ಮೂಲ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ ಬರುತ್ತೆ, ಜನ ಜ್ವರ ಅಂದ್ಕೊಂಡು ಮಲಗಿಬಿಡ್ತಾರೆ. ಗಾಡಿಯಲ್ಲಿ ಡಿಟೆಕ್ಟರ್ ಇದೆ ಅಂತ ನೆಮ್ಮದಿಯಾಗಿರೋ ಹಾಗಿಲ್ಲ. ಅದರ ಸೆನ್ಸರಿಗೂ ಆಯಸ್ಸಿದೆ, ಹಿಂಭಾಗದಲ್ಲಿ ದಿನಾಂಕ ಬರೆದಿರುತ್ತೆ. ಮೂವತ್ತು ವರ್ಷದ ಗಾಡಿಯಲ್ಲಿ ಮೂವತ್ತು ವರ್ಷದ ಡಿಟೆಕ್ಟರ್ ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ, ಅಷ್ಟೇ.

ದುಡ್ಡು ಕಮ್ಮಿ ಇದ್ದರೆ ಯಾವುದು ಮೊದಲು?

ನಾವು ಕೆಲಸಗಳನ್ನು ಮೂರು ಡಬ್ಬಿಗೆ ಹಾಕ್ತೀವಿ.

1. ಕೊಲ್ಲುವಂಥದ್ದು: ಬ್ರೇಕ್, ಟೈರ್, ಸ್ಟಿಯರಿಂಗ್, ಗ್ಯಾಸ್ ಸೋರಿಕೆ, ಡಿಟೆಕ್ಟರ್.
2. ದಾರಿಯಲ್ಲಿ ನಿಲ್ಲಿಸುವಂಥದ್ದು: ರೇಡಿಯೇಟರ್, ಫ್ಯೂಯಲ್ ಫಿಲ್ಟರ್, ಬೆಲ್ಟ್, ಹೋಸ್, ಆ ಪಿನ್.
3. ಕಿರಿಕಿರಿ ಮಾಡುವಂಥದ್ದು: ಎಸಿ, ಪರದೆ, ಬಣ್ಣ, ಕೀರಲು ಬಾಗಿಲು.

ಒಂದನೇ ಡಬ್ಬಿ ಖಾಲಿಯಾಗದೆ ಮೂರನೇದಕ್ಕೆ ಒಂದು ರೂಪಾಯಿಯೂ ಇಲ್ಲ. ಕೇಳೋಕೆ ಸುಲಭ. ಆದರೆ ದಿನಾ ಕಣ್ಣಿಗೆ ಬೀಳೋದು, ಬೈಗುಳ ತಿನ್ನೋದು ಮೂರನೇ ಡಬ್ಬಿ. ಒಂದನೇದು ಸದ್ದಿಲ್ಲದೆ ಕೂತಿರುತ್ತೆ. ಅದಕ್ಕೇ ಒಂದು ನೋಟ್‌ಬುಕ್ ಬೇಕು. ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಟೈರಿನ ವಾರ-ವರ್ಷ, ಗಾಳಿ ಪರೀಕ್ಷೆಯ ಅಂಕಿ ಎಲ್ಲ ಬರೆದಿಡಿ. ಮುಳ್ಳು ಇವತ್ತು ಎಲ್ಲಿದೆ ಅನ್ನೋದಕ್ಕಿಂತ ಹೋದ ತಿಂಗಳಿಂದ ಎಷ್ಟು ಸರಿದಿದೆ ಅನ್ನೋದು ಮುಖ್ಯ.

ಮನೆಕೆಲಸ

ಒಂದು: ನಿಮ್ಮೂರಿಗೆ ಹತ್ತಿರದ ಘಾಟಿಯ ಎತ್ತರ ತಗೊಂಡು, 16 ಟನ್ ಲಾರಿಗೆ ಮೇಲಿನ ಲೆಕ್ಕ ಮತ್ತೆ ಮಾಡಿ. ಎರಡು: ನಾಳೆ ಪಾರ್ಕಿಂಗ್‌ನಲ್ಲಿ ನಿಮ್ಮ ಬೈಕು, ಅಪ್ಪನ ಕಾರು, ಕಾಲೇಜಿನ ಬಸ್ಸು, ಮೂರರ ಟೈರಿನ ಆ ನಾಲ್ಕು ಅಂಕಿ ಓದಿ ಬರೆದುಕೊಳ್ಳಿ. ಹತ್ತು ವರ್ಷ ದಾಟಿದ್ದು ಸಿಕ್ಕರೆ ಸುಮ್ಮನಿರಬೇಡಿ, ಓಡಿಸೋರಿಗೆ ಅವತ್ತೇ ಹೇಳಿ.