ಓವರ್‌ಗಳ ನಡುವಿನ ಪಾಠ

ತರಗತಿ: 8
ವಿಷಯ: ಕನ್ನಡ (ಆಲಿಸುವಿಕೆ ಮತ್ತು ವಿಮರ್ಶೆ)
ಅವಧಿ: 40 ನಿಮಿಷ

ಉದ್ದೇಶ: ಮನೆಮಂದಿಯೆಲ್ಲ ಕುಳಿತು ಕ್ರಿಕೆಟ್ ನೋಡುವಾಗ ಬರುವ ಜಾಹೀರಾತಿನಲ್ಲಿ ಹೇಳಿದ್ದು ಯಾವುದು, ಹೇಳದೆ ಬಿಟ್ಟದ್ದು ಯಾವುದು ಎಂದು ವಿದ್ಯಾರ್ಥಿಗಳು ಗುರುತಿಸುವರು.

ಪೂರ್ವಸಿದ್ಧತೆ: ಹಿಂದಿನ ದಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಪಂದ್ಯದ ನಡುವೆ ಕಂಡ ಐದು ಜಾಹೀರಾತು ಬರೆದು ತರಬೇಕು. ಯಾವುದು ಬಂದಾಗ ಮನೆಯಲ್ಲಿ ಚಾನೆಲ್ ಬದಲಿಸಿದರು ಎಂಬುದನ್ನೂ ಗುರುತು ಮಾಡಬೇಕು.

ಬೋಧನಾ ಕ್ರಮ: ಮೊದಲು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿದೆವು. 20 ಓವರ್‌ಗಳ ಒಂದು ಇನಿಂಗ್ಸ್‌ನಲ್ಲಿ ಓವರ್‌ಗಳ ನಡುವೆ 19 ಬಿಡುವು. ಎರಡು ಇನಿಂಗ್ಸ್‌ಗೆ 38. ವಿಕೆಟ್ ಬಿದ್ದಾಗಿನ ಬಿಡುವು ಬೇರೆ. ಐಪಿಎಲ್‌ನಲ್ಲಾದರೆ ಎರಡೂವರೆ ನಿಮಿಷಗಳ ಟೈಮ್‌ಔಟ್‌ಗಳೂ ಸೇರುತ್ತವೆ. ಒಂದೇ ಮಾತನ್ನು ಇಷ್ಟು ಸಲ ಕೇಳಿದರೆ ಬಾಯಿಪಾಠವಾಗುವುದು ಸಹಜ ಎಂದು ಮಕ್ಕಳೇ ಹೇಳಿದರು.

ನಂತರ ಪಟ್ಟಿಗಳನ್ನು ಓದಿಸಿದೆ. ಚಾನೆಲ್ ಬದಲಿಸಿದ್ದು ಹೆಚ್ಚಾಗಿ ಒಳಉಡುಪು, ಸುಗಂಧದ್ರವ್ಯದ ಜಾಹೀರಾತುಗಳಿಗೆ. ಪಾನ್ ಮಸಾಲಾ ಹೆಸರಿನ ಏಲಕ್ಕಿ, ಮದ್ಯದ ಹೆಸರಿನ ಸೋಡಾ ಬಂದಾಗ ಯಾರೂ ರಿಮೋಟ್ ಮುಟ್ಟಿರಲಿಲ್ಲ. ಪಾಠದ ತಿರುವು ಇಲ್ಲಿತ್ತು. ಮುಜುಗರ ತರುವುದು ಬೇರೆ, ಹಾನಿ ತರುವುದು ಬೇರೆ. ಹಲಗೆಯ ಮೇಲೆ ಎರಡು ಅಂಕಣ ಎಳೆದು ಪ್ರತಿ ಜಾಹೀರಾತನ್ನೂ ಮಕ್ಕಳಿಂದಲೇ ಹಂಚಿಸಿದೆ.

ಒಬ್ಬ ಹುಡುಗ ಕೇಳಿದ: "ಏಲಕ್ಕಿ ಸಂತೆಯಲ್ಲೇ ಸಿಗುತ್ತೆ ಮೇಡಂ. ಅದಕ್ಕೆ ಇಷ್ಟು ದೊಡ್ಡ ಹೀರೋ ಯಾಕೆ?" ನಾನು ಸಿದ್ಧಪಡಿಸಿಕೊಂಡಿದ್ದ ಪ್ರಶ್ನೆಗಿಂತ ಇದೇ ಚೆನ್ನಾಗಿತ್ತು. ಮಾರಾಟವಾಗುತ್ತಿರುವುದು ಏಲಕ್ಕಿಯಲ್ಲ, ಹೆಸರು ಎಂಬ ಉತ್ತರ ತರಗತಿಯಿಂದಲೇ ಬಂತು.

ಆಗ ಕಾನೂನಿನ ಪರಿಚಯ ಮಾಡಿಕೊಟ್ಟೆ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಒಂದು ವಸ್ತುವಿನ ಹೆಸರಿನಲ್ಲಿ ನಿಷೇಧಿತವಾದ ಮತ್ತೊಂದನ್ನು ಪ್ರಚಾರ ಮಾಡಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಹೆಸರು ಒಂದೇ ಎಂಬ ಮಾತ್ರಕ್ಕೆ ತಪ್ಪಾಗದು ಎಂಬ ವಿನಾಯಿತಿಯೂ ಅದರಲ್ಲಿದೆ. ಈ ಸಂದಿಯಲ್ಲೇ ಏಲಕ್ಕಿ ನುಸುಳುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಅದಕ್ಕೂ ಮೊದಲು ಅಂಥ ಜಾಹೀರಾತಿನ ಕೊನೆಯ ಎಚ್ಚರಿಕೆಯನ್ನು ಸಾಮಾನ್ಯ ವೇಗದಲ್ಲಿ ಓದಬೇಕೆಂಬ ಸೂಚನೆಯಿತ್ತು.

ಚರ್ಚೆಯ ನಡುವೆ ಒಬ್ಬ ಹುಡುಗಿ ಮೆಲ್ಲಗೆ, "ನಮ್ಮಪ್ಪ ಅದನ್ನೇ ಹಾಕ್ಕೊಳ್ಳೋದು" ಎಂದಳು. ಕೆಲವರು ನಕ್ಕರು. ನಾನು ಅಪ್ಪನ ಮಾತನ್ನು ಮುಂದುವರಿಸದೆ, "ದೊಡ್ಡವರನ್ನೂ ಒಲಿಸುವಷ್ಟು ಹಣ ಇದರ ಹಿಂದಿದೆ. ಹಾಗಾಗಿ ಇದನ್ನು ಓದಲು ಕಲಿಯಬೇಕು" ಎಂದೆ. ನಗು ನಿಂತಿತು. ಇಂಥ ಪಾಠದಲ್ಲಿ ಯಾವ ಮನೆಯೂ ಕಟಕಟೆಯಲ್ಲಿ ನಿಲ್ಲಬಾರದು. ಪರೀಕ್ಷೆಗೆ ಒಳಗಾಗಬೇಕಾದ್ದು ಜಾಹೀರಾತು.

ಮೌಲ್ಯಮಾಪನ: ಪ್ರತಿಯೊಬ್ಬರೂ ಒಂದು ಜಾಹೀರಾತಿಗೆ ಮೂರು ಪ್ರಶ್ನೆ ಬರೆದರು: ಇದು ಏನನ್ನು ಮಾರುತ್ತಿದೆ? ಯಾರಿಗೆ ಮಾರುತ್ತಿದೆ? ಏನನ್ನು ಹೇಳದೆ ಬಿಟ್ಟಿದೆ? ಮೂರನೆಯದಕ್ಕೆ ಬಂದ ಉತ್ತರಗಳೇ ಅತ್ಯಂತ ಸ್ಪಷ್ಟವಾಗಿದ್ದವು.

ಗೃಹಪಾಠ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೂರು ಕೊಡಬೇಕಾಗಿ ಬಂದರೆ ಹೇಗೆ ಬರೆಯುವಿರಿ? ಐದು ವಾಕ್ಯ.

ಸಹಪಾಠಿ ಶಿಕ್ಷಕರಿಗೆ: ಈ ಪಾಠಕ್ಕೆ ಟಿವಿ, ಪ್ರೊಜೆಕ್ಟರ್ ಬೇಕಿಲ್ಲ. ಲೈಂಗಿಕವಾಗಿ ಪ್ರಚೋದಕವಾದ ಕಾಂಡೋಮ್ ಜಾಹೀರಾತನ್ನು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ತೋರಿಸಬಾರದೆಂದು 2017ರಲ್ಲಿ ಕೇಂದ್ರ ಸರ್ಕಾರ ಸೂಚಿಸಿತು. ಏಲಕ್ಕಿಯ ಜಾಹೀರಾತಿಗೆ ಅಂಥ ಹೊತ್ತಿನ ಕಟ್ಟಿಲ್ಲ. ನಾಚಿಕೆಗೆ ಗಡಿಯಾರ ಕಟ್ಟುವುದು ಸುಲಭ. ಹಾನಿಯನ್ನು ಗುರುತಿಸುವ ಕಣ್ಣನ್ನು ತರಗತಿಯಲ್ಲೇ ಬೆಳೆಸಬೇಕು.