ಬೆನ್ನು ನೀವುವ ವೃತ್ತಿಗೆ ಕೋಟಿ ಸಾಲವೇ?

ಜಯನಗರ ನಾಲ್ಕನೇ 'ಟಿ' ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬನಶಂಕರಿ ಕಡೆಗೋ ಜೆ.ಪಿ. ನಗರದ ಕಡೆಗೋ ಹೊರಟರೆ ಬೆನ್ನುನೋವಿನ ಬೋರ್ಡುಗಳು ಸಾಲುಸಾಲಾಗಿ ಸಿಗುತ್ತವೆ. ಫಿಸಿಯೋಥೆರಪಿ, ಪುತ್ತೂರು ಕಟ್ಟು, ಕೇರಳದ ತೈಲಚಿಕಿತ್ಸೆ, ಈಚೆಗೆ ಕೈರೋಪ್ರ್ಯಾಕ್ಟಿಕ್. ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿ ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ಒತ್ತುವವರ ಕುತ್ತಿಗೆ, ಸೊಂಟಗಳು ಇವರೆಲ್ಲರಿಗೂ ಕೆಲಸ ಕೊಟ್ಟಿವೆ.

ಈ ಅಂಕಣ ಬರೆಯುವಾಕೆಯೂ ಅಲ್ಲಿನ ಗಿರಾಕಿ. ವರ್ಷಗಟ್ಟಲೆ ಲೆಕ್ಕಪತ್ರ ನೋಡಿ ನೋಡಿ ಸೊಂಟ ಹಿಡಿದುಕೊಂಡಾಗ ಜಯನಗರದ ಫಿಸಿಯೋಥೆರಪಿಸ್ಟ್ ಒಂದು ಸಲಕ್ಕೆ 600 ರೂಪಾಯಿ ತೆಗೆದುಕೊಂಡರು. ಕೈರೋಪ್ರ್ಯಾಕ್ಟಿಕ್ ಕೇಂದ್ರದಲ್ಲಿ ಅದೇ ಸೊಂಟಕ್ಕೆ 2,500 ಆಯಿತು. ಎರಡೂ ಕಡೆ ನೋವು ಇಳಿಯಿತು, ಆ ಬಗ್ಗೆ ಅವಳಿಗೆ ತಕರಾರಿಲ್ಲ. ಆದರೆ ಅವಳ ಅಣ್ಣನ ಮಗಳು ಈ ಎರಡು ಬೆಲೆಗಳನ್ನು ಕೇಳಿಸಿಕೊಂಡಿದ್ದೇ ತಡ, ಮನೆಯಲ್ಲಿ ಹೊಸ ಮಾತು ಶುರುವಾಯಿತು.

"ಅತ್ತೆ, ನಾನು ಅಮೆರಿಕಕ್ಕೆ ಹೋಗಿ ಕೈರೋಪ್ರ್ಯಾಕ್ಟಿಕ್ ಓದ್ತೀನಿ. ಇಲ್ಲಾಂದ್ರೆ ಆಸ್ಟಿಯೋಪತಿ. ಎರಡೂ ಒಂದೇ ತಾನೆ?"

ಒಂದೇ ಅಲ್ಲ. ಎರಡಕ್ಕೂ ಹುಟ್ಟೂರು ಅಮೆರಿಕದ ಮಧ್ಯಭಾಗವೇ. ಆಂಡ್ರೂ ಟೇಲರ್ ಸ್ಟಿಲ್ 1874ರಲ್ಲಿ ಆಸ್ಟಿಯೋಪತಿಯನ್ನು ಪ್ರಕಟಿಸಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಡಿ.ಡಿ. ಪಾಮರ್ 1895ರಲ್ಲಿ ಅಯೋವಾದ ಡೇವನ್‌ಪೋರ್ಟಿನಲ್ಲಿ ಕೈರೋಪ್ರ್ಯಾಕ್ಟಿಕ್ ಆರಂಭಿಸಿದ. ಆಮೇಲೆ ದಾರಿ ಕವಲೊಡೆಯಿತು. ಇವತ್ತು ಅಮೆರಿಕದಲ್ಲಿ ಆಸ್ಟಿಯೋಪತಿಯ ಡಿ.ಓ. ಪದವಿ ಪಡೆದವರು ಪೂರ್ಣ ವೈದ್ಯರು. ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಎಂ.ಡಿ.ಗಳ ಜೊತೆ ಅದೇ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಮುಗಿಸುತ್ತಾರೆ. 2020ರಿಂದ ಇಬ್ಬರ ರೆಸಿಡೆನ್ಸಿಗೂ ಒಂದೇ ಮಾನ್ಯತಾ ವ್ಯವಸ್ಥೆ. ಪದವಿ ನಾಲ್ಕು ವರ್ಷ, ಡಿ.ಓ. ನಾಲ್ಕು, ರೆಸಿಡೆನ್ಸಿ ಕನಿಷ್ಠ ಮೂರು: ಹನ್ನೊಂದು ವರ್ಷ ಕಳೆಯುತ್ತದೆ. ಕೈರೋಪ್ರ್ಯಾಕ್ಟರ್‌ಗೆ ರೆಸಿಡೆನ್ಸಿಯ ಕಡ್ಡಾಯವಿಲ್ಲ. ಮೂರೂವರೆಯಿಂದ ನಾಲ್ಕು ವರ್ಷದ ಡಿ.ಸಿ. ಪದವಿ ಮುಗಿಸಿ, ಪರವಾನಗಿ ಪರೀಕ್ಷೆ ಪಾಸಾದರೆ ಕ್ಲಿನಿಕ್ ತೆರೆಯಬಹುದು. ಕತ್ತರಿ ಹಿಡಿಯುವಂತಿಲ್ಲ, ಔಷಧ ಬರೆಯುವ ಹಕ್ಕೂ ಸಾಮಾನ್ಯವಾಗಿ ಇಲ್ಲ.

ಗಳಿಕೆಯಲ್ಲೂ ಈ ಅಂತರ ಕಾಣುತ್ತದೆ. ಅಮೆರಿಕ ಸರ್ಕಾರದ 2023ರ ಲೆಕ್ಕದಲ್ಲಿ ಕೈರೋಪ್ರ್ಯಾಕ್ಟರ್‌ಗಳ ಮಧ್ಯಮ ವಾರ್ಷಿಕ ಗಳಿಕೆ 76,530 ಡಾಲರ್. ವೈದ್ಯರದು 2,39,200 ಡಾಲರ್ ಅಥವಾ ಅದಕ್ಕಿಂತ ಹೆಚ್ಚು. ಡಾಲರಿಗೆ 85 ರೂಪಾಯಿ ಹಿಡಿದರೆ 65 ಲಕ್ಷ ಒಂದು ಕಡೆ, ಎರಡು ಕೋಟಿ ಇನ್ನೊಂದು ಕಡೆ.

ಬನಶಂಕರಿಯ ಮನೆಯ ಊಟದ ಮೇಜಿನ ಮೇಲೆ ಅತ್ತೆ ಕಾಗದ ಹರಡಿದ್ದು ಇಲ್ಲಿಂದ ಮುಂದಿನ ಲೆಕ್ಕಕ್ಕೆ. ಡಿ.ಸಿ. ಓದಿಗೆ ಫೀಜು, ಬಾಡಿಗೆ, ಊಟ ಸೇರಿ ಕೋಟಿ ದಾಟುತ್ತದೆ. ಕೋಟಿ ರೂಪಾಯಿಗೆ ಶೇ 10ರ ಬಡ್ಡಿ, ಹದಿನೈದು ವರ್ಷ ಎಂದರೆ ಇ.ಎಂ.ಐ. ತಿಂಗಳಿಗೆ ಸುಮಾರು 1,07,500 ರೂಪಾಯಿ. ಅಮೆರಿಕದಲ್ಲೇ ವೀಸಾ, ಕೆಲಸ ಎರಡೂ ಸಿಕ್ಕರೆ ತೀರಿಸಬಹುದು. ಸಿಗದೆ ಜಯನಗರಕ್ಕೆ ಮರಳಿದರೆ? ಒಬ್ಬರಿಗೆ 2,500ರಂತೆ ತಿಂಗಳ ಮೊದಲ 43 ಜನರ ದುಡ್ಡು ನೇರ ಬ್ಯಾಂಕಿಗೆ. ಅಂಗಡಿ ಬಾಡಿಗೆ, ಅಡ್ವಾನ್ಸ್, ರಿಸೆಪ್ಷನ್ ಹುಡುಗಿಯ ಸಂಬಳ ಆಮೇಲಿನದು.

ಕಾನೂನಿನ ಆಸರೆಯೂ ಇಲ್ಲಿ ತೆಳು. ಡಿ.ಸಿ.ಗೆ ಸಮನಾದ, ಸರ್ಕಾರಿ ಮಂಡಳಿಯ ಮಾನ್ಯತೆಯುಳ್ಳ ಪದವಿ ಭಾರತದಲ್ಲಿಲ್ಲ. ಜಿ.ಎಸ್.ಟಿ. ವಿನಾಯಿತಿಗೆಂದು ಮಾನ್ಯ ಮಾಡಿರುವ ವೈದ್ಯಪದ್ಧತಿಗಳು ಅಲೋಪಥಿ, ಯೋಗ, ಪ್ರಕೃತಿ ಚಿಕಿತ್ಸೆ, ಆಯುರ್ವೇದ, ಹೋಮಿಯೋಪಥಿ, ಸಿದ್ಧ, ಯುನಾನಿ. ಕೈರೋಪ್ರ್ಯಾಕ್ಟಿಕ್ ಆಗಲಿ ಆಸ್ಟಿಯೋಪತಿಯಾಗಲಿ ಆ ಸಾಲಿನಲ್ಲಿ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದ ದಿನ ಈ ಸಂಗತಿ ಲೆಕ್ಕಪರಿಶೋಧಕರ ಮುಂದೆ ಬಂದು ನಿಲ್ಲುತ್ತದೆ.

ಆಸ್ಟಿಯೋಪತಿಯಲ್ಲಿ ಇನ್ನೊಂದು ತೊಡಕು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಾಯಿತರಾಗುವ ಆಸ್ಟಿಯೋಪಾತ್‌ಗಳು ಕೈಚಿಕಿತ್ಸಕರು, ಅಮೆರಿಕದ ಡಿ.ಓ.ಗಳಂತೆ ವೈದ್ಯರಲ್ಲ. ಒಡಿಶಾದ ಕಟಕ್‌ನ ಶ್ರೀ ಶ್ರೀ ವಿಶ್ವವಿದ್ಯಾಲಯದಲ್ಲಿ ಕಲಿಸುವ ಆಸ್ಟಿಯೋಪತಿಯೂ ಕೈಚಿಕಿತ್ಸೆಯದೇ. ಅಮೆರಿಕದ ಡಿ.ಓ. ಸಂಬಳ ತೋರಿಸಿ ಈ ಬಗೆಯ ಕೋರ್ಸ್ ಮಾರುವ ಏಜೆಂಟರಿದ್ದರೆ ಪೋಷಕರು ಅಲ್ಲಿಂದ ಎದ್ದು ಬರಬೇಕು. ವೈದ್ಯಳೇ ಆಗಬೇಕೆಂಬ ಹುಡುಗಿಗೆ ನಮ್ಮಲ್ಲಿ ನೀಟ್ ಇದೆ, ಎಂ.ಬಿ.ಬಿ.ಎಸ್. ಇದೆ.

ಕೈಚಿಕಿತ್ಸೆಯೇ ಇಷ್ಟವೆಂದರೆ ಫಿಸಿಯೋಥೆರಪಿ. ಜಯನಗರದಲ್ಲಿ ಆರ್.ವಿ., ಕುಮಾರಸ್ವಾಮಿ ಲೇಔಟಿನಲ್ಲಿ ದಯಾನಂದ ಸಾಗರ್, ಎರಡೂ ಬಸ್ಸಿನಲ್ಲಿ ಹೋಗಿಬರುವ ದೂರ. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ, ಆಸ್ಪತ್ರೆಗಳಲ್ಲಿ ಹುದ್ದೆಗಳಿವೆ. ಗೌರವದ ಜಗಳ ಮಾತ್ರ ಮುಗಿದಿಲ್ಲ: ಹೆಸರಿನ ಮುಂದೆ 'ಡಾ.' ಹಾಕುವಂತಿಲ್ಲವೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2025ರ ಸೆಪ್ಟೆಂಬರ್ 9ರಂದು ಪತ್ರ ಬರೆದು, ಮರುದಿನವೇ ಹಿಂಪಡೆದರು. ಸಂಬಳದ ವಿಷಯವೂ ಅಷ್ಟು ಸುಲಭವಲ್ಲ. ಅಂಕಣಕಾರ್ತಿಗೆ ಗೊತ್ತಿರುವ ಹುಡುಗಿಯೊಬ್ಬಳು ಫಿಸಿಯೋಥೆರಪಿ ಪದವಿ ಬಿ.ಪಿ.ಟಿ. ಮುಗಿಸಿ ಸೇರಿದ್ದು 22,000 ರೂಪಾಯಿಗೆ. ಸಂಜೆ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಗೆ ಹೋಗಿ, ಮಂಡಿ ಆಪರೇಷನ್ ಆದ ಹಿರಿಯರಿಗೆ ವ್ಯಾಯಾಮ ಮಾಡಿಸತೊಡಗಿದ ಮೇಲೆ ಅವಳ ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿತು. ಇಷ್ಟು ಕಷ್ಟದ ಕೆಲಸಕ್ಕೆ ಇಷ್ಟು ಕಡಿಮೆ ಆರಂಭದ ಸಂಬಳ ಅನ್ಯಾಯವೇ ಸರಿ.

ಆದರೂ ಸಾಲದ ಭಾರ ಬೇರೆ. ಅಣ್ಣ ವಿಚಾರಿಸಿ ಬಂದ ಕಾಲೇಜಿನ ಪೂರ್ತಿ ಫೀಜು ಏಳೂವರೆ ಲಕ್ಷದೊಳಗೆ ಮುಗಿಯುತ್ತದೆ. ಅಷ್ಟರವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿಯ ಅಡಮಾನ ಕೇಳುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಕಟ್ಟಿದ ಬಡ್ಡಿಯಷ್ಟೂ ಎಂಟು ವರ್ಷ ಆದಾಯದಿಂದ ಕಳೆಯುತ್ತದೆ. ಕೋಟಿ ಸಾಲಕ್ಕೆ ಬನಶಂಕರಿಯ ಮನೆಪತ್ರವನ್ನೇ ಕೊಡಬೇಕಿತ್ತು.