ಸದ್ದಿಲ್ಲದ ಮದುವೆಗೆ ಸೀರೆ

ಮನೆಯವರಿಗೆ ಹೇಳದೆ ಮದುವೆಯಾಗಲು ಹೊರಟಿದ್ದೀಯಾ ತಂಗಿ? ನಿನಗೆ 18, ಅವನಿಗೆ 21 ತುಂಬಿದ್ದರೆ ಉಳಿದದ್ದು ಸೀರೆಯ ಮಾತು.

ಮಧುಗಿರಿಯಲ್ಲೋ ಸಿರಾದಲ್ಲೋ ಅಂಗಡಿಗೆ ಹೋಗಿ ಕೆಂಪಂಚಿನ ಬಿಳಿ ಸೀರೆ ಕೇಳಿ ನೋಡು, ‘ಧಾರೆ ಯಾವತ್ತಮ್ಮ?’ ಅಂತಾರೆ. ಸಂಜೆಯೊಳಗೆ ಸುದ್ದಿ ನಿನ್ನ ಚಿಕ್ಕಪ್ಪನ ಕಿವಿಗೆ ಬಿದ್ದಿರುತ್ತದೆ. ಅದರ ಬದಲು ಸಾಸಿವೆ ಹಳದಿಯದೋ ಎಲೆಹಸಿರಿನದೋ ತೆಳು ಅಂಚಿನ ರೇಷ್ಮೆ ತಗೋ. ಪಾವಗಡದ ಕಡೆಯವಳಾದರೆ ವೈ.ಎನ್. ಹೊಸಕೋಟೆ ಹತ್ತಿರ, ರೇಷ್ಮೆ ನೇಯುವ ಊರು. ದಪ್ಪ ಜರಿ ಮಾತ್ರ ಬೇಡ. ಆ ಬಿಸಿಲಲ್ಲಿ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ನೆರಿಗೆ ಕಾಲಿಗೆ ತೊಡರುತ್ತದೆ.

ರವಿಕೆಯನ್ನು ನಿಮ್ಮ ಬೀದಿಯ ಟೈಲರಿಗೆ ಕೊಡಬೇಡ. ಕೊರಟಗೆರೆಯವಳು ತುಮಕೂರಿನಲ್ಲಿ ಹೊಲಿಸಲಿ. ಅವಸರವೂ ಇಲ್ಲ: 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋದರೆ ನೋಟಿಸು ಕೊಟ್ಟು 30 ದಿನ ಕಾಯಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಗುಟ್ಟಿನ ಕಥೆ ಅಷ್ಟೇ! ಸಾಕ್ಷಿಗೆ ಮೂವರು ಬೇಕು. ಒಬ್ಬಳಾದರೂ ಸೀರೆ ಉಡಿಸಲು ಬರುವ ಗೆಳತಿಯಿರಲಿ. ಫಾಲ್ ಹಾಕಿಸಿದ ಮೇಲೆ ಅವಳ ಮನೆಯಲ್ಲೇ ಒಮ್ಮೆ ಉಟ್ಟು, ಮೆಟ್ಟಿಲು ಹತ್ತಿಳಿದು ನೋಡು. ಆರೇಳು ಪಿನ್ನು ಪರ್ಸಿನಲ್ಲಿರಲಿ.